ಅಡಿಗೆಮನೆಯ ಕಟ್ಟೆಯೂ ಶ್ರಾವಕನ ಪರಿಮಾಣವೂ

ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ಮನೆಗಳನ್ನು ನವೀಕರಿಸುವಾಗ ಅಡಿಗೆಮನೆಯ ಗೋಡೆಯನ್ನು ತೆಗೆದು, ಅಲ್ಲಿ ಗ್ರಾನೈಟ್ ಹಾಸಿದ ಎತ್ತರದ ಕಟ್ಟೆಯನ್ನು ಕಟ್ಟಿಸುವುದು ಈಗ ಕಾಣಬರುತ್ತಿದೆ. ಎತ್ತರದ ಸ್ಟೂಲುಗಳ ಮೇಲೆ ಕುಳಿತು ಬೆಳಗಿನ ಉಪಾಹಾರ ಸ್ವೀಕರಿಸುವ ಈ ಕಟ್ಟೆಗೆ ‘ಬ್ರೇಕ್‌ಫಾಸ್ಟ್ ಕೌಂಟರ್’ ಎಂದು ಹೆಸರು. ಮೇಸ್ತ್ರಿಗೆ ಇದು ಕೇವಲ ಅಳತೆಯ ವಿಷಯ. ಶ್ರಾವಕನಿಗೆ ವ್ರತದ ವಿಷಯವೂ ಹೌದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿ ಹೇಳಿದ್ದಾರೆ. ಅನ್ನದಂತೆ ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ತಟ್ಟೆಯಲ್ಲಿನ ನೀರುದೋಸೆ ಭೋಗ, ತಟ್ಟೆಯನ್ನಿಟ್ಟ ಕಟ್ಟೆ ಉಪಭೋಗ. ನಾಲ್ಕು ದೋಸೆ ತಿನ್ನುವವನು ನಾಳೆ ಎರಡಕ್ಕೆ ಮಿತಿಗೊಳಿಸಿಕೊಳ್ಳಬಹುದು. ಆದರೆ ಒಮ್ಮೆ ಕೂಡಿಸಿದ ಕಲ್ಲನ್ನು ನಾಳೆ ಅರ್ಧಕ್ಕೆ ಇಳಿಸಲಾಗದು. ಆದ್ದರಿಂದ ಉಪಭೋಗದ ಪರಿಮಾಣವನ್ನು ಕಟ್ಟುವ ಮೊದಲೇ ನಿಶ್ಚಯಿಸಬೇಕು.

ಮೊದಲ ಪ್ರಶ್ನೆ, ಅಲ್ಲಿ ಕುಳಿತುಕೊಳ್ಳುವವರು ಯಾರು? ಮಣೆ ಹಾಕಿ ಉಣ್ಣುತ್ತಿದ್ದ ಕಾಲವನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ: ಗಂಡಸರೂ ಅತಿಥಿಗಳೂ ಎದ್ದ ಮೇಲೆಯೇ ಒಲೆಯ ಮುಂದಿದ್ದವಳಿಗೆ ಮಣೆ ಸಿಗುತ್ತಿತ್ತು. ದೋಸೆ ಹೊಯ್ಯುವವಳು ಮನೆಯವರೊಡನೆ ಮಾತನಾಡುತ್ತ, ಅವರೊಡನೆಯೇ ಉಣ್ಣಲು ಈ ಕಟ್ಟೆ ಅನುವು ಮಾಡಿಕೊಟ್ಟರೆ ಅದು ನಿಜವಾದ ಗುಣ. ಆದರೆ ಸ್ಟೂಲುಗಳೆಲ್ಲ ಒಂದೇ ಬದಿಗಿದ್ದು ಅವಳು ಇನ್ನೊಂದು ಬದಿಯಲ್ಲಿ ನಿಂತೇ ಬಡಿಸುತ್ತಿದ್ದರೆ ಬದಲಾದದ್ದು ಕಲ್ಲು ಮಾತ್ರ.

ಇಂತಹ ಕಟ್ಟೆಯ ರೂಢಿಯ ಎತ್ತರ 42 ಅಂಗುಲ, ಸ್ಟೂಲಿನದು 30. ಮೊಣಕಾಲು ನೋವಿನ ಅಜ್ಜಿ ಅದನ್ನು ಹತ್ತಲಾರಳು. ಐದು ವರ್ಷದ ಮಗು ಹತ್ತಿದರೆ ಬೀಳುವ ಭಯ. ಅದೇ ಕಟ್ಟೆಯನ್ನು 30 ಅಂಗುಲಕ್ಕೆ ಇಳಿಸಿ, ಮೊಣಕಾಲಿಗೆ 18 ಅಂಗುಲ ತೆರವು ಬಿಟ್ಟು, ತಲಾ 24 ಅಂಗುಲ ಅಗಲ ಕೊಟ್ಟರೆ ಸಾಧಾರಣ ಕುರ್ಚಿಯೇ ಸಾಕು. ಆಗ ಮನೆಯ ಎಲ್ಲರಿಗೂ ಸ್ಥಾನವುಂಟು. ನೋಟದ ಬೆಡಗು ತುಸು ಕಡಿಮೆಯಾದೀತು. ಕಾರುಣ್ಯಕ್ಕೆ ಅದು ದೊಡ್ಡ ಬೆಲೆಯಲ್ಲ.

ಎರಡನೆಯದು ಅಹಿಂಸೆ. ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಸುರಿಯುವ ಈ ಸೀಮೆಯಲ್ಲಿ ಕಟ್ಟೆಯ ಕೆಳಗಿನ ಪ್ಲೈವುಡ್ ಕಪಾಟು ತೇವ ಹೀರಿ ಉಬ್ಬುತ್ತದೆ. ಕತ್ತಲ ಮೂಲೆಗಳಲ್ಲಿ ಇರುವೆ, ಜಿರಲೆ, ಗೆದ್ದಲು ಸೇರುತ್ತವೆ. ಕೊನೆಗೆ ವಿಷ ಸಿಂಪಡಿಸಬೇಕಾಗುತ್ತದೆ. ಜೀವಿಗಳಿಗೆ ಮನೆ ಕಟ್ಟಿಕೊಟ್ಟು ಆ ಮೇಲೆ ಕೊಲ್ಲುವುದು ಪ್ರಮಾದವೇ ಸರಿ. ಕೆಂಪುಕಲ್ಲಿನ ಕಾಲುಗಳ ಮೇಲೆ ಕಟ್ಟೆಯನ್ನು ನಿಲ್ಲಿಸಿ, ಕೆಳಭಾಗವನ್ನು ತೆರೆದಿಟ್ಟು, ಸಂದುಗಳನ್ನು ಮುಚ್ಚಿ, ಕಿಟಕಿಯ ಬೆಳಕು ಬೀಳುವಂತೆ ಮಾಡಿದರೆ ಗುಡಿಸಿ ಒರೆಸುವುದು ಸುಲಭ. ಮುನಿಗಳ ಆಹಾರದಾನದ ಭಾಗ್ಯ ಬಂದಾಗ ಬೇಕಾಗುವ ತೆರವಾದ ನೆಲವನ್ನೂ ಕಟ್ಟೆ ಕಬಳಿಸಬಾರದು.

ಮೂರನೆಯದು ವೆಚ್ಚ. ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಕ್ಷೇತ್ರ ಮತ್ತು ವಾಸ್ತುವನ್ನು, ಎಂದರೆ ಹೊಲವನ್ನೂ ಮನೆಯನ್ನೂ, ಮೊದಲಿಗೆ ಹೆಸರಿಸುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೈ ಸಡಿಲವಾಗುವುದು ಸಹಜ. ಆದರೆ ಸುಳ್ಯದ ಸಂಪಾಜೆ, ಅರಂತೋಡಿನಂತಹ ಕಡೆಗಳಲ್ಲಿ ಹಳದಿ ಎಲೆರೋಗವು ತೋಟಗಳನ್ನೇ ಬರಿದು ಮಾಡಿದೆ. ಆದಾಯ ಸ್ಥಿರವಲ್ಲದ ಸೀಮೆಯಲ್ಲಿ ನೆರೆಮನೆಯ ಕಟ್ಟೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಸಾಲ ಮಾಡುವವನು ತನ್ನ ಮಿತಿಯನ್ನು ಪರರ ಕೈಗೆ ಒಪ್ಪಿಸಿದಂತೆ.

ಕಟ್ಟೆ ಸ್ವತಃ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಮೇಸ್ತ್ರಿಯನ್ನು ಕರೆಯುವ ಮುನ್ನ ಮನೆಯವರೆಲ್ಲರೂ, ಅಡಿಗೆ ಮಾಡುವವರೂ ಹಿರಿಯರೂ ಸೇರಿ, ಎಷ್ಟು ಎತ್ತರ, ಎಷ್ಟು ಖರ್ಚು, ಎಷ್ಟು ಜನಕ್ಕೆ ಎಂಬ ಮೂರನ್ನು ಬರೆದಿಟ್ಟುಕೊಳ್ಳಲಿ. ಆ ಬರಹವನ್ನು ಮೀರದೆ ಕೆಲಸ ಮುಗಿದರೆ ವ್ರತವೂ ಉಳಿಯಿತು, ಅನುಕೂಲವೂ ದೊರೆಯಿತು.