ಒಂದು ಚಮಚ ಪಲ್ಯ

ನಮ್ಮ ಗಿಣಿಗೇರಾ ಕಡೆ ಕಾಳಿನ ಪಲ್ಯವಿಲ್ಲದೆ ರೊಟ್ಟಿ ಗಂಟಲಿಗಿಳಿಯದು. 2004ರಲ್ಲಿ ಅತ್ತೆಯವರ ಕಿಡ್ನಿ ಸೋತಾಗ ವೈದ್ಯರು ಬೇಳೆಕಾಳು ಬೇಡವೇ ಬೇಡವೆಂದರು. ನಾನು ಪಾಲಿಸಿದೆ. "ಯವ್ವಾ, ಒಂದ್ ಚಮಚಾ ಹೆಸರಕಾಳ ಪಲ್ಯ ಹಾಕವಾ" ಎಂದು ತಾಟು ಚಾಚಿದರೂ ಹಾಕಲಿಲ್ಲ. ಆ ಆಸೆಯಲ್ಲೇ ಹೋದರು.

ಈಗ ಅದೇ ಕಾಯಿಲೆ ನಮ್ಮ ಯಜಮಾನರಿಗೆ. ಆಹಾರತಜ್ಞೆಯ ಮಾತೇ ಬೇರೆ. ಡಯಾಲಿಸಿಸ್ ಇಲ್ಲದವರಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನು. 60 ಕಿಲೋದವರಿಗೆ 48 ಗ್ರಾಂ. ಆ ಲೆಕ್ಕದೊಳಗೆ ಕಾಳೂ ಸೇರಬಹುದು. ಕಾಳಿನ ರಂಜಕ ಮಾಂಸದ್ದರಷ್ಟು ಮೈಗೆ ಹತ್ತುವುದಿಲ್ಲ. ನೆನೆಸಿ, ಬೇಯಿಸಿ, ನೀರು ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ. ರಕ್ತಪರೀಕ್ಷೆ ನೋಡಿ ಅಳತೆ ಬದಲಿಸಬೇಕು.

ಸಾರಿಗಾಗುವ ಕಟ್ಟನ್ನು ಚೆಲ್ಲುವಾಗೆಲ್ಲ ಅತ್ತೆ ನೆನಪಾಗುತ್ತಾರೆ. ತಿಳಿಯದೆ ಮಾಡಿದ್ದು ಪಾಪವಲ್ಲ ಎನ್ನುತ್ತಾರೆ. ಆದರೆ ತಿಳಿಯಲು ನಾನು ಯತ್ನಿಸಿದೆನೆ? 'ಸ್ವಲ್ಪವಾದರೂ ಕೊಡಬಹುದೇ, ಎಷ್ಟು?' ಎಂದು ಒಂದು ಸಲವೂ ಕೇಳಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳದ ಮಕ್ಕಳನ್ನು ಗದರುವವಳು ನಾನೇ! 'ಬೇಡ' ಎನ್ನುವುದು ಸುಲಭ. ಅಳೆದು ಬಡಿಸುವುದಕ್ಕೆ ದಿನವೂ ದುಡಿಯಬೇಕು. ಅಂದು ನಾನು ಕಾಯ್ದದ್ದು ಅತ್ತೆಯ ಆರೋಗ್ಯವನ್ನೋ, ನನ್ನ ನೆಮ್ಮದಿಯನ್ನೋ?