ಗ್ರಂಥವೂ ಗಾಳವೂ

ಕೈಯಿಂದ ಸಾಧಿಸಬೇಕಾದ ವಿದ್ಯೆಯನ್ನು ಗ್ರಂಥದಿಂದ ಕಲಿಯಬಹುದೆ ಎಂಬುದು ಹಳೆಯ ಪ್ರಶ್ನೆ. ಪುಸ್ತಕವನ್ನೋದಿ ಈಜು ಕಲಿತವನುಂಟೆ ಎಂದು ಲೋಕವು ನಗುವುದಷ್ಟೆ. ಆದರೂ ಬಲ್ಲವರು ಬರೆಯುವುದನ್ನಾಗಲಿ, ಕಲಿಯಬಯಸುವವರು ಓದುವುದನ್ನಾಗಲಿ ಎಂದೂ ಬಿಟ್ಟಿಲ್ಲ. ಹಾಸನ ಸೀಮೆಯ ದೊಡ್ಡಗದ್ದವಳ್ಳಿಯ ಕೆರೆಯ ಬಳಿ ಕುಲ್ಲಹಣ ರಾಹುತನೂ ಆತನ ಪತ್ನಿ ಸಹಜಾದೇವಿಯೂ ಲಕ್ಷ್ಮೀದೇವಾಲಯವನ್ನು ಕಟ್ಟಿಸಿದುದು ಕ್ರಿ. ಶ. 1113ರ ಸುಮಾರಿನಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿ, ರಾಜನೀತಿ ಸಂಗೀತ ಪಾಕಗಳೊಡನೆ ‘ಮತ್ಸ್ಯವಿನೋದ’ಕ್ಕೂ ಒಂದು ಸ್ಥಾನವನ್ನು ಕೊಟ್ಟನು. ಮೀನಿನ ಜಾತಿಗಳು, ಅವುಗಳಿಗೊಡ್ಡುವ ಆಹಾರ, ಕೋಲು, ದಾರ, ಗಾಳ ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಚಕ್ರವರ್ತಿಗೆ ಕಲಿಸಲು ಬೆಸ್ತರಿಗೇನು ಬರವೆ? ಆದರೂ ಬರೆದಿಡುವುದು ಉಚಿತವೆಂದು ಅವನಿಗೆ ತೋರಿತು.

ಕಾರಣವು ಸ್ಪಷ್ಟ. ಬೆಸ್ತನು ತನ್ನ ಮಡುವನ್ನು ಬಲ್ಲನು. ಗ್ರಂಥವು ಹಲವು ಮಡುಗಳ ಅನುಭವವನ್ನು ಒಂದೆಡೆಗೆ ತರುವುದು. ಇಂಗ್ಲೆಂಡಿನಲ್ಲಿ 1653ರಲ್ಲಿ ‘ಕಂಪ್ಲೀಟ್ ಆಂಗ್ಲರ್’ ಎಂಬ ಪ್ರಸಿದ್ಧ ಕೃತಿಯನ್ನು ಪ್ರಕಟಿಸಿದ ಐಸಾಕ್ ವಾಲ್ಟನ್ ಕೃತಕ ನೊಣದಿಂದ ಮೀನು ಹಿಡಿಯುವ ಭಾಗಕ್ಕೆ ಥಾಮಸ್ ಬಾರ್ಕರನಿಗೆ ಋಣಿಯಾಗಿದ್ದನು. 1676ರಲ್ಲಿ ಮಿತ್ರನಾದ ಚಾರ್ಲ್ಸ್ ಕಾಟನ್ ಆ ವಿಷಯವನ್ನು ವಿಸ್ತರಿಸಿ ಎರಡನೆಯ ಭಾಗವನ್ನು ಬರೆದನು. ತನಗೆ ತಿಳಿಯದುದನ್ನು ತಿಳಿದವನಿಂದ ಪಡೆಯುವ ವಿನಯವೇ ಗ್ರಂಥವಿದ್ಯೆಯ ಮೂಲ.

ಆದರೆ ಗ್ರಂಥಕ್ಕೂ ಒಂದು ಊರುಂಟು. ಸಾಲ್ಮನ್ ಮೀನು ಸಮುದ್ರದಲ್ಲಿರುವಾಗ ಹಸಿದು ಬೇಟೆಯಾಡುವುದು. ಮೊಟ್ಟೆಯಿಡಲು ನದಿಯನ್ನು ಹೊಕ್ಕ ಮೇಲೆ ಬಹುಮಟ್ಟಿಗೆ ಆಹಾರವನ್ನೇ ತೊರೆಯುವುದು. ನದಿಗಾಗಿ ಬರೆದ ಪುಸ್ತಕವನ್ನು ಹಿಡಿದು ಉಪ್ಪುನೀರಿನ ದಂಡೆಯಲ್ಲಿ ನಿಂತವನು ಮೀನು ಅದೇ ಆದರೂ ತಪ್ಪು ಪಾಠವನ್ನು ಒಪ್ಪಿಸುತ್ತಿರುವನು. ಕಾವೇರಿ ಹೇಮಾವತಿಗಳಲ್ಲಿಯಂತೂ ಸಾಲ್ಮನ್ನೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸನು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ ಇಲ್ಲಿಯ ನೀರಿಗೂ ಇಲ್ಲಿಯ ಮಹಸೀರಿಗೂ ತಕ್ಕ ಪಾಠವನ್ನು ಬರೆದನು. ತನ್ನ ಗಾತ್ರಕ್ಕೆ ಮಹಸೀರು ಸಾಲ್ಮನ್ನನ್ನೂ ಮೀರಿಸುವುದೆಂದು ಅವನ ಮತ.

ಗ್ರಂಥದ ಇನ್ನೊಂದು ಮೇರೆ ಕೈಯಲ್ಲಿದೆ. ಕೃತಕ ನೊಣಕ್ಕೆ ಭಾರವಿಲ್ಲ. ಅದನ್ನು ದೂರ ಒಯ್ಯುವುದು ದಾರದ ಭಾರ. ಹಿಂದಕ್ಕೆ ಬೀಸಿದ ದಾರವು ನೆಟ್ಟಗಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ‘ತಡೆ’ ಎಂದು ಗ್ರಂಥವು ಹೇಳಬಲ್ಲುದು. ಎಷ್ಟು ತಡೆಯಬೇಕೆಂಬುದನ್ನು ಮಣಿಕಟ್ಟು ಮಾತ್ರವೇ ಅರಿಯುವುದು. ದೊಡ್ಡಗದ್ದವಳ್ಳಿಯ ಶಿಲ್ಪಿಗೆ ಶಾಸ್ತ್ರವು ಪ್ರಮಾಣವನ್ನು ತಿಳಿಸೀತು. ಉಳಿಯ ಪೆಟ್ಟು ಎಲ್ಲಿ ನಿಲ್ಲಬೇಕೆಂಬುದನ್ನು ಕಲ್ಲೇ ಕಲಿಸಬೇಕು.

ಹಾಗಾದರೆ ಓದು ನಿಷ್ಪ್ರಯೋಜಕವೆ? ಅಲ್ಲ. ವೀಣೆ ಕಲಿಯುವವನ ತಪ್ಪಿನಿಂದ ಸ್ವರ ಕೆಡುವುದು. ಗಾಳ ಕಲಿಯುವವನ ತಪ್ಪನ್ನು ಅನುಭವಿಸುವುದು ಇನ್ನೊಂದು ಜೀವ. ಆದುದರಿಂದ ಅಭ್ಯಾಸಕ್ಕೆ ಮೊದಲು ಓದುವುದು ಇಲ್ಲಿ ಸೌಕರ್ಯವಲ್ಲ, ಕರ್ತವ್ಯ. ಥಾಮಸನು ಮೀನಿನ ಸಂವರ್ಧನೆಯನ್ನು ಕುರಿತೂ ಬರೆದವನೆಂಬುದು ಗಮನಾರ್ಹ. ಕಾವೇರಿಯ ಡುಬ್ಬದ ಮಹಸೀರು ತೀವ್ರವಾಗಿ ಅಳಿವಿನಂಚಿಗೆ ಸಂದಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಸಾರಿತು. ಬೇರೆ ಜಾತಿಯ ಮಹಸೀರನ್ನು ಸದುದ್ದೇಶದಿಂದ ತಂದು ಬಿಟ್ಟುದೂ ಅದರ ಕಾರಣಗಳಲ್ಲೊಂದೆಂದು ವಿಜ್ಞಾನಿಗಳು ಎಣಿಸುವರು. ಅರೆತಿಳಿವಿನ ಬೆಲೆ ಅಷ್ಟು ದೊಡ್ಡದು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಅದೇ ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ, ಯಾತ್ರಿಕರು ಮೀನುಗಳಿಗೆ ಆಹಾರವನ್ನು ಚೆಲ್ಲುವರು. ಯಾರೂ ಗಾಳವನ್ನು ಹಾಕರು. ಆ ಕೈಗಳಿಗೆ ಯಾವ ಗ್ರಂಥವೂ ಬೇಕಾಗಿಲ್ಲ. ಹಿಡಿಯುವುದನ್ನು ಗ್ರಂಥವೂ ಅಭ್ಯಾಸವೂ ಕೂಡಿ ಕಲಿಸಬಲ್ಲವು. ಬಿಡುವುದನ್ನು ಕಲಿತಲ್ಲದೆ ಆ ವಿದ್ಯೆಯು ಪೂರ್ಣವಾಗದು.