ಅಲಂಕಾರವೋ, ಮುಸುಕೋ?

ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಕೊನೆಯ ಪುಟಗಳಲ್ಲಿ 'ಫಿಗರ್ಸ್ ಆಫ್ ಸ್ಪೀಚ್' ಎಂಬ ಪಾಠವೊಂದು ಇರುತ್ತದೆ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ, ಹೈಪರ್ಬೊಲಿ ಎಂದರೆ ಅತಿಶಯೋಕ್ತಿ, ಐರನಿ ಎಂದರೆ ವ್ಯಂಗ್ಯ, ಯೂಫೆಮಿಸಂ ಎಂದರೆ ಸೌಮ್ಯೋಕ್ತಿ. ಹೆಸರು, ಲಕ್ಷಣ, ಒಂದು ಉದಾಹರಣೆ. ಬಾಯಿಪಾಠ ಮಾಡಿದರೆ ಅಂಕ ಖಂಡಿತ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲೇ ಅಲಂಕಾರಗಳ ವಿವೇಚನೆಯನ್ನು ಕಂಡಿರುವ ಕನ್ನಡದ ಮಕ್ಕಳಿಗೆ ಇದು ಕಷ್ಟದ ಪಾಠವೇನಲ್ಲ. ಆದರೆ ಬಹುಕಾಲ ಇಂಗ್ಲಿಷ್ ಕಲಿಸಿದ ನನಗೆ ಈ ಪಾಠ ವ್ಯಾಕರಣಕ್ಕಿಂತ ಹೆಚ್ಚಾಗಿ ನೀತಿಗೆ ಸೇರಿದ್ದೆಂದು ತೋರುತ್ತದೆ. ಇದ್ದುದನ್ನು ಇದ್ದಂತೆ ಹೇಳದೆ ಬೇರೆ ರೀತಿಯಲ್ಲಿ ಹೇಳುವುದೇ ಅಲಂಕಾರವಾದರೆ, ಅದಕ್ಕೂ ಸುಳ್ಳಿಗೂ ಇರುವ ಅಂತರವೇನು?

ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಲವಾಗಿ ಎತ್ತಿದವನು ಜಾರ್ಜ್ ಆರ್ವೆಲ್. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿ, ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಅಧಿಕಾರಿಯಾಗಿದ್ದು, ಕೆಲಸ ಬಿಟ್ಟು ಲೇಖಕನಾದವನು. 1946ರಲ್ಲಿ ಪ್ರಕಟವಾದ 'ಪಾಲಿಟಿಕ್ಸ್ ಅಂಡ್ ದ ಇಂಗ್ಲಿಷ್ ಲಾಂಗ್ವೇಜ್' ಎಂಬ ಪ್ರಬಂಧದಲ್ಲಿ ಅವನು ತನ್ನ ಕಾಲದ ರಾಜಕೀಯ ಗದ್ಯವನ್ನು ಕೆದಕಿ ನೋಡಿದ. ನಿರಾಯುಧ ಹಳ್ಳಿಗಳ ಮೇಲೆ ಬಾಂಬು ಸುರಿದರೆ ಅದಕ್ಕೆ ಶಾಂತಿಸ್ಥಾಪನೆಯೆಂದು ಹೆಸರು. ರೈತರನ್ನು ಹೊಲಮನೆಗಳಿಂದ ಎಬ್ಬಿಸಿ ದಾರಿಗೆ ಅಟ್ಟಿದರೆ ಅದು ಜನಸಂಖ್ಯೆಯ ವರ್ಗಾವಣೆ, ಇಲ್ಲವೇ ಗಡಿಗಳ ಸರಿಪಡಿಸುವಿಕೆ. ಇಂಥ ಮಾತುಗಳಿಂದ ಕಣ್ಣ ಮುಂದೆ ಯಾವ ಚಿತ್ರವೂ ಏಳುವುದಿಲ್ಲ. ಏಳಬಾರದೆಂದೇ ಅವನ್ನು ಬಳಸುತ್ತಾರೆ ಎಂಬುದು ಅವನ ವಾದದ ತಿರುಳು. 1956ರ ನವೆಂಬರ್ ಒಂದರಂದು ನಕ್ಷೆಯ ಮೇಲೆ ಎಳೆದ ಗೆರೆಯೊಂದರ ಈಚೆಗೆ ಉಳಿದ ಮನೆಗಳವರು ನಾವು. ನಮ್ಮನ್ನು ಯಾರೂ ದಾರಿಗೆ ಅಟ್ಟಲಿಲ್ಲ, ನಿಜ. ಆದರೂ 'ಗಡಿ' ಎಂಬ ಒಣ ಶಬ್ದದ ಒಳಗೆ ಎಷ್ಟು ಮನೆ, ಎಷ್ಟು ಶಾಲೆ, ಎಷ್ಟು ಅರ್ಜಿಗಳು ಅಡಗಿರುತ್ತವೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ನೇರವಾದ ಮಾತೆಲ್ಲ ಸತ್ಯ, ವಕ್ರವಾದ ಮಾತೆಲ್ಲ ಮೋಸ ಎನ್ನೋಣವೇ? ಹಾಗೆನ್ನಲು ಆರ್ವೆಲನೇ ಅಡ್ಡಿ. ಆ ಪ್ರಬಂಧಕ್ಕೆ ಒಂದು ವರ್ಷ ಮೊದಲು, 1945ರಲ್ಲಿ, ಅವನು 'ಅನಿಮಲ್ ಫಾರ್ಮ್' ಪ್ರಕಟಿಸಿದ್ದ. ಹಂದಿಗಳೂ ಕುದುರೆಗಳೂ ಮಾತಾಡುವ ಆ ಪುಸ್ತಕ ಮೊದಲಿಂದ ಕೊನೆಯವರೆಗೆ ಒಂದೇ ದೊಡ್ಡ ರೂಪಕ. ಕ್ರಾಂತಿಯೊಂದು ಹೇಗೆ ಹೊಸ ದಬ್ಬಾಳಿಕೆಯಾಗುತ್ತದೆಂಬುದನ್ನು ಎಷ್ಟೋ ನೇರ ವರದಿಗಳಿಗಿಂತ ಅದು ಚೆನ್ನಾಗಿ ತೋರಿಸಿತು.

ಇದಕ್ಕಿಂತ ಕಠಿನವಾದ ಉದಾಹರಣೆ ಜೋನಾಥನ್ ಸ್ವಿಫ್ಟನದು. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಖ್ಯಸ್ಥನಾಗಿದ್ದ ಅವನು 1729ರಲ್ಲಿ ಹೆಸರು ಹಾಕದೆ 'ಎ ಮಾಡೆಸ್ಟ್ ಪ್ರಪೋಸಲ್' ಎಂಬ ಕಿರುಹೊತ್ತಗೆಯನ್ನು ಹೊರತಂದ. ಐರ್ಲೆಂಡಿನ ಬಡವರ ಮಕ್ಕಳನ್ನು ಒಂದು ವರ್ಷ ತುಂಬಿದೊಡನೆ ಉಳ್ಳವರ ಊಟದ ಮೇಜಿಗೆ ಮಾರಬಹುದು ಎಂಬುದು ಅದರ ಸಲಹೆ! ಒಟ್ಟು 1,20,000 ಮಕ್ಕಳು. 20,000 ಮಕ್ಕಳನ್ನು ತಳಿಗಾಗಿ ಇಟ್ಟುಕೊಂಡರೆ ಮಾರಾಟಕ್ಕೆ ಉಳಿಯುವುದು 1,00,000. ಸಾಕುವ ಖರ್ಚೆಷ್ಟು, ಬರುವ ಲಾಭವೆಷ್ಟು ಎಂಬ ಲೆಕ್ಕವೂ ಇದೆ. ತಾಯಂದಿರ ಬಗ್ಗೆ ಮಾತಾಡುವಾಗ ದನದ ಕೊಟ್ಟಿಗೆಗೆ ಸಲ್ಲುವ ಶಬ್ದಗಳನ್ನೇ ಬಳಸುತ್ತಾನೆ. ಎಲ್ಲಿಯೂ ದನಿ ಏರುವುದಿಲ್ಲ. ಸರಕಾರಿ ಸಲಹೆಗಾರನೊಬ್ಬನ ತಣ್ಣನೆಯ ಗದ್ಯವೇ ಅದು.

ಹೇಳಿದ್ದು ಒಂದು, ಉದ್ದೇಶ ಇನ್ನೊಂದು. ಸಂಸ್ಕೃತದ ಆಲಂಕಾರಿಕರು ಹೊಗಳಿಕೆಯ ವೇಷದ ತೆಗಳಿಕೆಯನ್ನು ವ್ಯಾಜಸ್ತುತಿ ಎಂದರಲ್ಲ, ಅದರ ಹತ್ತಿರದ ನೆಂಟ ಇದು. ಆದರೆ ಇದನ್ನು ಸುಳ್ಳೆನ್ನಲು ಸಾಧ್ಯವೇ? ಊರಲ್ಲಿಲ್ಲದ ಭೂಮಾಲಿಕರಿಗೆ ತೆರಿಗೆ ಹಾಕುವುದು, ಒಕ್ಕಲುಗಳ ಮೇಲೆ ಕರುಣೆ ತೋರುವುದು, ಸ್ವದೇಶದ ಬಟ್ಟೆಯನ್ನೇ ಉಡುವುದು ಮುಂತಾದ ನಿಜವಾದ ಪರಿಹಾರಗಳನ್ನು ಕೊನೆಯಲ್ಲಿ ಒಂದೊಂದಾಗಿ ಹೆಸರಿಸಿ, ಅವುಗಳ ಸುದ್ದಿಯನ್ನು ಮಾತ್ರ ತನ್ನ ಮುಂದೆ ಎತ್ತಬೇಡಿ ಎನ್ನುತ್ತಾನೆ. ಓದುಗನಿಗೆ ಆಗ ಹೊಳೆಯುತ್ತದೆ: ಈ ಮಕ್ಕಳು ಆಗಲೇ ಹಸಿವಿಗೆ ಆಹಾರವಾಗಿದ್ದಾರೆ, ಲೆಕ್ಕ ಬರೆದವರು ಮಾತ್ರ ಅದನ್ನು ಹಾಗೆಂದು ಕರೆದಿಲ್ಲ.

ಈಗ ಇನ್ನೊಂದು ಬದಿ ನೋಡೋಣ. 1991ರ ಕೊಲ್ಲಿ ಯುದ್ಧದ ಕಾಲದಲ್ಲಿ 'ಕೊಲ್ಯಾಟರಲ್ ಡ್ಯಾಮೇಜ್' ಎಂಬ ಸೈನಿಕ ಶಬ್ದ ಪತ್ರಿಕೆ, ಟೆಲಿವಿಷನ್‌ಗಳ ಮೂಲಕ ಮನೆಮನೆಗೆ ಬಂತು. ಪಕ್ಕದಲ್ಲಿ ಆದ ಹಾನಿ ಎಂದು ಅದರ ಅರ್ಥ. ಅದೇ ವರ್ಷ ಫೆಬ್ರವರಿಯಲ್ಲಿ ಬಾಗ್ದಾದಿನ ಅಮೀರಿಯಾ ಆಶ್ರಯತಾಣದ ಮೇಲೆ ಬಿದ್ದ ಬಾಂಬಿಗೆ ನಾನೂರಕ್ಕಿಂತ ಹೆಚ್ಚು ನಾಗರಿಕರು ಬಲಿಯಾದರು. ತನ್ನ ಮಗುವನ್ನು ಕಳೆದುಕೊಂಡ ತಾಯಿಗೆ ಅದು ಯಾವುದರ ಪಕ್ಕ?

ಸ್ವಿಫ್ಟನ ಮಾತು ಭಯಂಕರ, ಆದರೆ ಮಗುವನ್ನು ಮುಂದೆ ತಂದು ನಿಲ್ಲಿಸುತ್ತದೆ. ಸೈನ್ಯದ ಮಾತು ಸೌಮ್ಯ, ಆದರೆ ಮಗುವನ್ನು ಅಳಿಸಿಬಿಡುತ್ತದೆ. ಎರಡೂ ವಕ್ರವೇ. ಆದ್ದರಿಂದ ವಕ್ರತೆಯನ್ನು ಅಳೆದು ತೀರ್ಪು ಕೊಡಲಾಗದು. ನಾನು ಇಟ್ಟುಕೊಂಡಿರುವ ಒರೆಗಲ್ಲು ಇಷ್ಟೇ: ಈ ಮಾತು ಯಾರ ಬಗ್ಗೆ ಇದೆಯೋ, ನೋವು ಉಂಡವರು ಯಾರೋ, ಅವರ ಮುಖ ನೋಡಿ ಇದನ್ನು ಹೇಳಲು ಸಾಧ್ಯವೇ?

ಈ ಒರೆಗಲ್ಲಿಗೆ ಉಜ್ಜಿದರೆ ನಮ್ಮ ಮನೆಮಾತಿನ ಸೌಮ್ಯೋಕ್ತಿಗಳು ಹೊಳೆಯುತ್ತವೆ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುತ್ತೇವೆ. ಹೊರಡುವಾಗ ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುತ್ತೇವೆ. ನೆರೆಯ ಮಲಯಾಳಿಯೂ 'ಪೋಯಿ ವರಾಂ' ಎನ್ನುತ್ತಾನೆ. ತಂದೆಯನ್ನು ಕಳೆದುಕೊಂಡ ಮಗನ ಮುಂದೆ 'ತೀರಿಕೊಂಡರು' ಎನ್ನುತ್ತೇವೆ, ಇಂಗ್ಲಿಷಿನವರು 'ಪಾಸ್ಡ್ ಅವೇ' ಎನ್ನುತ್ತಾರೆ. ಇಲ್ಲಿ ಯಾರಿಗೂ ಮೋಸವಿಲ್ಲ. ಸತ್ಯ ಇಬ್ಬರಿಗೂ ಗೊತ್ತು. ಮಾತಿನ ಮುಸುಕು ಕಾಯುವುದು ನೊಂದವನನ್ನು.

ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣವೂ ಇದೇ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅಮೆರಿಕದ ಸಂವಿಧಾನವನ್ನು ಅವರು ಹಣ ಕೊಡುವ ವಾಗ್ದಾನ ಪತ್ರಕ್ಕೆ ಹೋಲಿಸಿದರು. ಕರಿಯರ ಪಾಲಿಗೆ ಅದು ಖಾತೆಯಲ್ಲಿ ಹಣವಿಲ್ಲವೆಂದು ಮರಳಿಬಂದ ಚೆಕ್ಕು ಎಂದರು. ಸಾಲ ಬರಬೇಕಾದವರೂ ಸಾಲ ಕೊಡಬೇಕಾದವರೂ ಒಟ್ಟಿಗೆ ಕೇಳಿ ಅರ್ಥ ಮಾಡಿಕೊಳ್ಳಬಹುದಾದ ರೂಪಕ ಅದು.

ಇಂಗ್ಲಿಷರ ಮತ್ತು ಅಮೆರಿಕನ್ನರ ಮಾತನ್ನು ತೂಗುವ ನಾವು ನಮ್ಮ ತಕ್ಕಡಿಯನ್ನೂ ನೋಡಬೇಕು. ಕೃಷಿ ಇಲಾಖೆಗಳ ಇಂಗ್ಲಿಷಿನಲ್ಲಿ ಕೀಟನಾಶಕಕ್ಕೆ 'ಪ್ಲಾಂಟ್ ಪ್ರೊಟೆಕ್ಷನ್', ಅಂದರೆ ಸಸ್ಯಸಂರಕ್ಷಣೆ, ಎಂಬ ಸೌಮ್ಯವಾದ ಹೆಸರಿದೆ. ನಮ್ಮ ಕಡೆಯ ಕನ್ನಡದಲ್ಲಿ ಅದು ಮದ್ದು, ಮಲಯಾಳದಲ್ಲಿ ಮರುನ್ನ್, ತುಳುವಿನಲ್ಲಿ ಮರ್ದ್. ರೋಗಿಗೆ ಕುಡಿಸುವುದಕ್ಕೂ ಗಿಡಕ್ಕೆ ಹೊಡೆಯುವುದಕ್ಕೂ ಒಂದೇ ಶಬ್ದ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿತ್ತು. ಸುಪ್ರೀಂ ಕೋರ್ಟು 2011ರಲ್ಲಿ ದೇಶದಾದ್ಯಂತ ತಡೆದ ಆ ವಿಷವನ್ನೂ ನಮ್ಮ ಮೂರು ಭಾಷೆಗಳು ಮದ್ದೆಂದೇ ಕರೆದವು. ಆ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮಗುವಿನ ಮುಖ ನೋಡಿ ಆ ಶಬ್ದವನ್ನು ಹೇಳಲು ಸಾಧ್ಯವೇ?

ಎರಡು ಮೂರು ಭಾಷೆಗಳ ನಡುವೆ ಬದುಕುವವರಿಗೆ ಒಂದು ಅನುಕೂಲವಿದೆ. ಒಂದು ಭಾಷೆಯ ಮುಸುಕನ್ನು ಇನ್ನೊಂದು ಭಾಷೆಗೆ ತಂದಾಗ ಅದು ಒಮ್ಮೊಮ್ಮೆ ತಾನಾಗಿ ಜಾರುತ್ತದೆ. ಮೂರೂ ಭಾಷೆಗಳು ಒಂದೇ ಮುಸುಕು ಹೊದ್ದಾಗ ಮಾತ್ರ ಜಾರುವುದಿಲ್ಲ. ಅದನ್ನು ನಾವೇ ಕೈಯಾರೆ ಸರಿಸಬೇಕಾಗುತ್ತದೆ. ಇಂಗ್ಲಿಷ್ ಕಲಿಯುವ ನಮ್ಮ ಮನೆಯ ಮಕ್ಕಳು ಅಲಂಕಾರಗಳ ಹೆಸರನ್ನು ಬಾಯಿಪಾಠ ಮಾಡಲಿ, ಅಂಕವೂ ಬರಲಿ. ಜೊತೆಗೆ ಪ್ರತಿಯೊಂದು ಮುದ್ದಾದ ಮಾತಿನ ಎದುರು ನಿಂತು, ಇದರ ಹಿಂದೆ ಯಾರಿದ್ದಾರೆ ಎಂದು ಕೇಳುವುದನ್ನೂ ಕಲಿಯಲಿ.